ಹೊಗೆಯ ನೆಪ

2023ರ ಗಣೇಶನ ಹಬ್ಬ ಕಳೆದು ವಾರವಾಗಿತ್ತು. ರಾತ್ರಿ ಹತ್ತರ ಹೊತ್ತಿಗೆ, ಆರ್.ಟಿ. ನಗರದ ನಮ್ಮ ಮನೆಯಲ್ಲಿ ಎಲ್ಲರೂ ಮಲಗುವ ಸಿದ್ಧತೆಯಲ್ಲಿದ್ದಾಗ, ನಮ್ಮ ತಮ್ಮನ ಮೊಮ್ಮಗಳ ಕರೆ ಬಂದಿತು. ಕುಷ್ಟಗಿ ತಾಲ್ಲೂಕಿನ ನಮ್ಮ ಊರಿನಿಂದ ಇಂಜಿನಿಯರಿಂಗ್ ಓದಲೆಂದು ಬೆಂಗಳೂರಿಗೆ ಬಂದ ಮೊದಲ ಹೆಣ್ಣುಮಗಳು ಆಕೆ. ಯಲಹಂಕದ ಒಂದು ಕಾಲೇಜಿನ ವಿದ್ಯಾರ್ಥಿನಿ ನಿಲಯದಲ್ಲಿ ಆಕೆಯನ್ನು ಬಿಟ್ಟು, ಬಕೆಟ್ಟು, ಹಾಸಿಗೆ, ಗುರೆಳ್ಳು ಚಟ್ನಿಯ ಡಬ್ಬಿಗಳನ್ನೆಲ್ಲ ಒಪ್ಪವಾಗಿ ಜೋಡಿಸಿಟ್ಟು ತಂದೆತಾಯಿಗಳು ಊರಿಗೆ ಹಿಂತಿರುಗಿ ಐದು ದಿನವಷ್ಟೇ ಆಗಿತ್ತು.

ಹುಡುಗಿ ಮೊದಲು ಮಾತನಾಡಲಿಲ್ಲ. ಉಸಿರು ಎಳೆದುಕೊಳ್ಳುವ ಸದ್ದಷ್ಟೇ ಕೇಳಿಸಿತು. ಆಮೇಲೆ, “ಅಜ್ಜಾ, ನನಗ ಇಲ್ಲಿ ಆಗಂಗಿಲ್ಲ. ರೂಮು ಛಲೋ ಇಲ್ಲ” ಎಂದಳು.

ನಡೆದದ್ದು ಇಷ್ಟು. ಮೂರನೆಯ ಅಂತಸ್ತಿನಲ್ಲಿ ನಮ್ಮ ಸೀಮೆಯವಳೇ ಆದ ಹಿರಿಯ ವಿದ್ಯಾರ್ಥಿನಿಯೊಬ್ಬಳಿದ್ದಳು. ಆಕೆಯ ಕೊಠಡಿಯಲ್ಲೇ ಇರಬಹುದೆಂದು ಬೇಸಗೆಯಿಡೀ ಇವಳು ಕನಸು ಕಟ್ಟಿದ್ದಳು. ಗಣಕಯಂತ್ರದಿಂದ ಹೊರಬಂದ ಪಟ್ಟಿಯಲ್ಲಿ ಇವಳಿಗೆ ದೊರೆತದ್ದು ನೆಲ ಅಂತಸ್ತಿನ ಕಟ್ಟಕಡೆಯ ಕೊಠಡಿ. ಪಕ್ಕದಲ್ಲಿ ಸಾಮೂಹಿಕ ಸ್ನಾನದ ಮನೆ. ಕಿಟಕಿ ತೆರೆದರೆ ಆವರಣದ ಗೋಡೆ. ಮಂಚಗಳು ಮೂರು, ಒಂದರಲ್ಲಿ ಹಾಸನದ ಕಡೆಯ ಹುಡುಗಿ, ಇನ್ನೊಂದರಲ್ಲಿ ಮಣಿಪುರದವಳು.

ಮರುದಿನ ಬೆಳಿಗ್ಗೆ ಆಕೆಯ ತಂದೆ, ಎಂದರೆ ನಮ್ಮ ತಮ್ಮನ ಮಗ, ಫೋನು ಮಾಡಿದ. “ದೊಡ್ಡಪ್ಪಾರ, ಬಾತ್‌ರೂಮಿನ ವಾಸನಿಗೆ ಕೂಸಿಗೆ ನಿದ್ದಿಲ್ಲಂತ. ನೀವೊಂದು ಮಾತು ವಾರ್ಡನ್‌ಗೆ ಹೇಳ್ರಿ. ನಿಮ್ಮ ಶಿಷ್ಯರು ಯಾರರ ಅಲ್ಲಿ ಇದ್ದೇ ಇರ್ತಾರ. ಆಗದಿದ್ದರ ಯಲಹಂಕ ನ್ಯೂಟೌನಿನಾಗ ಪಿ.ಜಿ. ನೋಡೂಣು, ರೊಕ್ಕ ಎಷ್ಟಾದರೂ ಆಗಲಿ.” ಮೂವತ್ತು ವರ್ಷ ಅಧ್ಯಾಪಕರಾಗಿದ್ದವರಿಗೆ ಈ ಊರಿನಲ್ಲಿ ಎಲ್ಲೆಡೆಯೂ ಶಿಷ್ಯರಿರುತ್ತಾರೆಂಬುದು ಊರಿನವರ ನಂಬಿಕೆ. ಅದು ಪೂರ್ತಿ ಸುಳ್ಳೂ ಅಲ್ಲ. ಆ ನಂಬಿಕೆಯನ್ನು ನಾವೇ ಬೆಳೆಸಿದ್ದೇವೆಂಬುದನ್ನು ಒಪ್ಪಿಕೊಳ್ಳಬೇಕು.

ಶನಿವಾರ ಹೆಬ್ಬಾಳದ ಮೇಲ್ಸೇತುವೆ ದಾಟಿ, ಕೃಷಿ ವಿಶ್ವವಿದ್ಯಾಲಯದ ಗೇಟನ್ನು ಹಾದು ಯಲಹಂಕಕ್ಕೆ ಹೋದೆವು. ವಾರ್ಡನ್ ನಮ್ಮ ಶಿಷ್ಯೆಯಲ್ಲ. ಆದರೂ ಗೌರವದಿಂದ ಕೂರಿಸಿ ಚಹ ತರಿಸಿದರು. ಹಿರಿಯ ವಿದ್ಯಾರ್ಥಿನಿಯ ಕೊಠಡಿ ಏಕೆ ಸಾಧ್ಯವಿಲ್ಲವೆಂಬುದನ್ನು ಅವರು ಹೇಳಿದಾಗ ನಮಗೆ ತಿಳಿಯದ ಸಂಗತಿಯೊಂದು ತಿಳಿದಂತಾಯಿತು. ರ‍್ಯಾಗಿಂಗ್ ಎಂಬ ಪಿಡುಗನ್ನು ತಡೆಯಲು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2009ರಲ್ಲಿ ಹೊರಡಿಸಿದ ನಿಯಮಾವಳಿಯಂತೆ, ಮೊದಲ ವರ್ಷದ ಮಕ್ಕಳನ್ನು ಸಾಧ್ಯವಿದ್ದ ಮಟ್ಟಿಗೂ ಹಿರಿಯರಿಂದ ಪ್ರತ್ಯೇಕವಾದ ಕಟ್ಟಡದ ಭಾಗದಲ್ಲಿಯೇ ಇರಿಸಬೇಕು. ಆ ವರ್ಷ ಹಿಮಾಚಲ ಪ್ರದೇಶದಲ್ಲಿ ವೈದ್ಯಕೀಯ ವಿದ್ಯಾರ್ಥಿಯೊಬ್ಬ ರ‍್ಯಾಗಿಂಗಿಗೆ ಬಲಿಯಾಗಿದ್ದುದನ್ನು ನಾವೂ ಪತ್ರಿಕೆಗಳಲ್ಲಿ ಓದಿದ್ದೆವು. ಹಾಗಾಗಿ ಊರಿನ ಅಕ್ಕನ ಜೊತೆಗಿರುವ ಆಸೆಯನ್ನು ಕೈಬಿಡಬೇಕಾಯಿತು. “ಒಂದು ತಿಂಗಳು ಕಳೆಯಲಿ ಸಾರ್. ಆಗಲೂ ಬೇಕೆಂದರೆ ಕಾರಣ ಬರೆದು ಅರ್ಜಿ ಕೊಡಲಿ, ಮೊದಲ ವರ್ಷದವರ ನಡುವೆಯೇ ಅದಲುಬದಲು ಮಾಡಬಹುದು” ಎಂದರು. ನ್ಯಾಯವಾದ ಮಾತು.

ಮರುದಿನ ಭಾನುವಾರ ಹುಡುಗಿ ಮನೆಗೆ ಬಂದಳು. ನಮ್ಮ ಮನೆಯವರು ರೊಟ್ಟಿ ಬಡಿದಿದ್ದರು. ಬದನೆಕಾಯಿ ಎಣ್ಣೆಗಾಯಿ, ಮೊಸರು ಇದ್ದವು. ಊಟವಾದ ಮೇಲೆ ನಾವು ನಮ್ಮ ರೂಢಿಯಂತೆ ಉಪದೇಶಕ್ಕೆ ತೊಡಗಿದೆವು. ಮಠದಲ್ಲಿ ಬೆಳೆದವರಿಗೆ ಈ ಚಾಳಿ ಬಿಡದು. ವಿದ್ಯಾರ್ಥಿನಿಲಯವೆಂಬುದು ನಮ್ಮವರ ಪಾಲಿಗೆ ಎಷ್ಟು ದೊಡ್ಡ ಭಾಗ್ಯವಾಗಿ ಒದಗಿತೆಂಬುದನ್ನು ಆಕೆಗೆ ಬಣ್ಣಿಸಿದೆವು. 1883ರಲ್ಲಿ ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ದಪ್ಪನವರು ಮೊದಲಾದವರು ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಕಟ್ಟಿ ಬಡ ಹುಡುಗರ ಓದಿಗೆ ಹಣ ಒದಗಿಸಿದುದು. ಗುಬ್ಬಿ ತೋಟದಪ್ಪನವರು ವ್ಯಾಪಾರದಲ್ಲಿ ಗಳಿಸಿದುದನ್ನೆಲ್ಲ ಧರ್ಮಕ್ಕೆ ಬಿಟ್ಟು, ಬೆಂಗಳೂರಿನ ರೈಲು ನಿಲ್ದಾಣದ ಸಮೀಪ ಛತ್ರವನ್ನೂ ವಿದ್ಯಾರ್ಥಿಗಳಿಗೆ ನೆಲೆಯನ್ನೂ ಕಲ್ಪಿಸಿದುದು. ಸಿದ್ಧಗಂಗೆಯಲ್ಲಿ ಉದ್ಧಾನ ಶಿವಯೋಗಿಗಳ ಕಾಲದ ದಾಸೋಹವನ್ನು ಶಿವಕುಮಾರ ಸ್ವಾಮಿಗಳವರು 2019ರಲ್ಲಿ ಲಿಂಗೈಕ್ಯರಾಗುವವರೆಗೂ ಬೆಳೆಸಿ, ಜಾತಿಮತಗಳನ್ನು ಕೇಳದೆ ಸಾವಿರಾರು ಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದುದು. ಹಳ್ಳಿಯ ಹುಡುಗನಿಗೆ ಪಟ್ಟಣದಲ್ಲಿ ಉಣ್ಣಲು ಮನೆಯಿಲ್ಲ, ಮಲಗಲು ಜಗುಲಿಯಿಲ್ಲ ಎಂಬ ಕಾಲದಲ್ಲಿ ಇವೆಲ್ಲ ನಡೆದುವು. ಅಂಥ ಕಡೆ ಸಾಲಾಗಿ ಚಾಪೆ ಹಾಸಿ ಮಲಗಿ ಓದಿದವರು ನ್ಯಾಯಾಧೀಶರಾದರು, ವೈದ್ಯರಾದರು. ನಿನಗೆ ಮಂಚವಿದೆ, ಕಪಾಟಿದೆ, ಫ್ಯಾನಿದೆ ಎಂದೆವು.

ಹುಡುಗಿ ತಲೆ ಬಾಗಿಸಿ ಕೇಳಿದಳು. ನಮ್ಮ ಮಾತು ನಿಂತಾಗ ಬಲು ಸಹಜವಾಗಿ ಕೇಳಿದಳು: “ಅಜ್ಜಾ, ನೀವು ಬೆಂಗಳೂರಿಗೆ ಬಂದಾಗ ಕೊಟ್ಟ ರೂಮು ನಿಮಗ ಸೇರಿತ್ತೇನು?”

“ಇಲ್ಲ” ಎಂದೆವು. ಅದೊಂದು ನಿಜ.

1976ರ ಜುಲೈ ತಿಂಗಳು. ನಮಗೆ ಹದಿನೇಳು ವರ್ಷ. ಮಠದ ಪಾಠಶಾಲೆಯಲ್ಲಿ ಸಂಸ್ಕೃತ, ವಚನ, ವ್ಯಾಕರಣಗಳನ್ನು ಓದಿ, ಗುರುಗಳ ಅಪ್ಪಣೆ ಪಡೆದು ಪದವಿ ಶಿಕ್ಷಣಕ್ಕೆಂದು ಹೊರಟಿದ್ದೆವು. ಆಗ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಮೀಟರ್‌ಗೇಜ್ ರೈಲು. ನಮ್ಮ ಮಠದ ಇನ್ನಿಬ್ಬರು ಹುಡುಗರ ಸಂಗಡ ಬೆಳಗಿನ ಜಾವ ಯಶವಂತಪುರದಲ್ಲಿ ಇಳಿದೆವು. ತಲೆಯ ಮೇಲೆ ತಗಡಿನ ಟ್ರಂಕು, ಕೊರಳಲ್ಲಿ ಕರಡಿಗೆ. ನಿಲಯವು ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರದಲ್ಲೇ ಇದ್ದಿತು. ಫಲಕದ ಮೇಲಿನ ಪಟ್ಟಿಯಲ್ಲಿ ನಮ್ಮ ಗೆಳೆಯರಿಬ್ಬರಿಗೂ ಮುಂಭಾಗದ ಗಾಳಿಬೆಳಕಿನ ಕೊಠಡಿ. ನಮಗೆ ಮಾತ್ರ ಹಿಂಬದಿಯಲ್ಲಿ, ಅಡಿಗೆಮನೆಗೆ ಅಂಟಿಕೊಂಡ ತಗಡು ಹೊದಿಸಿದ ಕೋಣೆ. ಹೊರಗೆ ಸೌದೆಯ ರಾಶಿ. ನಸುಕಿನಲ್ಲಿ ಒಲೆ ಹೊತ್ತಿಸಿದರೆ ಹೊಗೆಯೆಲ್ಲ ಒಳಗೆ. ಎರಡು ತಿಂಗಳು ಕೆಮ್ಮುತ್ತ ಕಳೆದೆವು. ಆಮೇಲೆ ಅರ್ಜಿ ಕೊಟ್ಟು ಕೋಣೆ ಬದಲಾಯಿಸಿಕೊಂಡೆವು.

ಹೀಗೆ ಹೇಳಿ ಮುಗಿಸಿದೆವು. ನಲವತ್ತೇಳು ವರ್ಷಗಳಿಂದ ಯಾರು ಕೇಳಿದರೂ ಇಷ್ಟನ್ನೇ ಹೇಳಿಕೊಂಡು ಬಂದಿದ್ದೆವು. ನಮ್ಮ ಮನೆಯವರಿಗೂ ಇಷ್ಟೇ ಗೊತ್ತಿತ್ತು.

ಹುಡುಗಿಯ ಮುಖ ಅರಳಿತು. “ನೋಡ್ರಿ ಮತ್ತ! ನಿಮಗ ಹೊಗಿ, ನನಗ ವಾಸನಿ. ನೀವು ಬದಲಿ ಮಾಡಿಸಿದ್ರಿ, ನಾನೂ ಮಾಡಿಸ್ತೀನಿ. ತಿಂಗಳಾದಮ್ಯಾಲ ಅರ್ಜಿ ನೀವ ಬರದು ಕೊಡ್ರಿ.”

ಆಗ ನಮಗೆ ಒಳಗೆ ಏನೋ ಚುಚ್ಚಿದಂತಾಯಿತು. ಹೊಗೆಯನ್ನು ಮುಂದೆ ಮಾಡಿ ಅರ್ಜಿ ಬರೆದವರಿಗೆ ಇನ್ನೊಬ್ಬರ ಅರ್ಜಿಯ ಅಕ್ಷರ ಬೇಗ ತಿಳಿಯುತ್ತದೆ. “ಯಾವ ವಾಸನಿ, ತಾಯಿ?” ಎಂದು ಕೇಳಿದೆವು.

ಬಹಳ ಹೊತ್ತು ಉತ್ತರ ಬರಲಿಲ್ಲ. ಸೆರಗಿನಂತೆ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಕಡೆಗೆ ಹೇಳಿದಳು. ಸ್ನಾನದ ಮನೆಯನ್ನು ದಿನಕ್ಕೆರಡು ಸಲ ತೊಳೆಯುತ್ತಾರಂತೆ. ಅದರಿಂದ ಅಂಥ ತೊಂದರೆಯೇನೂ ಇಲ್ಲ. ಮಣಿಪುರದ ಹುಡುಗಿಯ ಕಪಾಟಿನಲ್ಲಿ ಒಂದು ಭರಣಿಯಿದೆ. ಹುದುಗು ಬರಿಸಿದ ಮೀನಿನ ಚಟ್ನಿ. ಅದನ್ನು ತೆರೆದರೆ ಇವಳಿಗೆ ಹೊಟ್ಟೆ ತೊಳಸುತ್ತದೆ. ತಾಯಿಗೆ ಹೇಳಿದಾಗ, ಅಂಥವರ ಸಂಗಡ ಒಂದು ದಿನವೂ ಇರಬೇಡ, ಲಿಂಗಪೂಜೆ ಮಾಡಿಕೊಳ್ಳುವ ಜಾಗವೇನು ಅದು ಎಂದರಂತೆ. ವಾರ್ಡನ್ ಎದುರಿಗೆ ಹಾಗೆ ಹೇಳಿದರೆ ಚೆನ್ನಾಗಿರುವುದಿಲ್ಲವೆಂದು ಮನೆಯವರೆಲ್ಲ ಕೂಡಿ ಸ್ನಾನದ ಮನೆಯ ಮೇಲೆ ಹೊರೆ ಹಾಕಿದ್ದರು.

ಅಂದು ನಾವು ಆಕೆಗೆ ಉಳಿದರ್ಧವನ್ನು ಹೇಳಿದೆವು. ನಮ್ಮ ಮನೆಯವರು ಬಾಗಿಲ ಬಳಿ ನಿಂತು ಕೇಳುತ್ತಿದ್ದರು.

ಆ ತಗಡಿನ ಕೋಣೆಯಲ್ಲಿ ಎರಡು ಮಂಚಗಳಿದ್ದುವು. ಇನ್ನೊಂದರ ಮೇಲೆ ಕೋಲಾರ ಜಿಲ್ಲೆಯ ಒಬ್ಬ ಹುಡುಗ. ವಿದ್ಯಾರ್ಥಿವೇತನದಿಂದ ವಿಜ್ಞಾನ ಓದಲು ಬಂದವನು. ನಾವು ಹೋಗುವುದಕ್ಕೆ ಎರಡು ದಿನ ಮೊದಲೇ ಬಂದು, ಕಿಟಕಿಯ ಪಕ್ಕದ ಮಂಚವನ್ನು ನಮಗೆಂದು ಬಿಟ್ಟು ತಾನು ಸೌದೆಯ ಗೋಡೆಗೆ ಹತ್ತಿದ ಮಂಚವನ್ನು ಇಟ್ಟುಕೊಂಡಿದ್ದನು. ಮೊದಲ ದಿನವೇ ತನ್ನ ಕುಲವನ್ನು ತಾನಾಗಿ ಹೇಳಿದನು. ಆಮೇಲೆ ತಿಳಿದು ನಮಗೆ ಬೇಸರವಾಗುವುದು ಬೇಡವೆಂದು ಹಾಗೆ ಹೇಳಿದ್ದಿರಬೇಕು. ಅಸ್ಪೃಶ್ಯರೆಂದು ಊರ ಹೊರಗೆ ಇಟ್ಟಿದ್ದ ಕೇರಿಯವನು. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಲೇ ಎಂದು ಅವನನ್ನು ಕೇಳುವ ಅವಕಾಶ ನಮಗಿಲ್ಲ.

ನಾವು ಪ್ರತಿದಿನ ಬೆಳಿಗ್ಗೆ ವಿಭೂತಿ ಧರಿಸಿ ಇಷ್ಟಲಿಂಗವನ್ನು ಕರಸ್ಥಲಕ್ಕೆ ತೆಗೆದುಕೊಳ್ಳುವ ಹೊತ್ತಿಗೆ, ಅವನು ಪುಸ್ತಕ ಹಿಡಿದು ಸದ್ದಿಲ್ಲದೆ ಹೊರಗೆ ಹೋಗುತ್ತಿದ್ದನು. ಅಡಿಗೆಮನೆಯ ಮೆಟ್ಟಿಲ ಮೇಲೆ ಕುಳಿತಿರುತ್ತಿದ್ದನು. ಶ್ರಾವಣದ ಜಡಿಮಳೆಯಲ್ಲೂ ಅಷ್ಟೇ. ನಮ್ಮ ಪೂಜೆ ಮುಗಿದು ಬಾಗಿಲು ಸರಿಸಿದ ಮೇಲೆಯೇ ಒಳಗೆ ಬರುವುದು. ಹೋಗೆಂದು ನಾವು ಹೇಳಲಿಲ್ಲ. ಇರು ಎಂದೂ ಹೇಳಲಿಲ್ಲ. ಯಾರವನೆಂದು ಕೇಳಬಾರದೆಂಬ ಬಸವಣ್ಣನವರ ವಚನ ನಮಗೆ ಕಂಠಪಾಠವಾಗಿತ್ತು. ಅದರ ಮೇಲೆ ಪಾಠಶಾಲೆಯಲ್ಲಿ ಭಾಷಣ ಮಾಡಿ ಬಹುಮಾನ ಪಡೆದಿದ್ದೆವು. ಮಾದಾರ ಚೆನ್ನಯ್ಯನವರ ಹೆಸರು ಬಂದರೆ ಕೈ ಮುಗಿಯುತ್ತಿದ್ದೆವು.

ಭಾದ್ರಪದದಲ್ಲಿ ಊರಿನಿಂದ ಬಂದ ಹಿರಿಯರೊಬ್ಬರು ಕೋಣೆಯನ್ನು ನೋಡಿ, ಹುಡುಗನ ವಿಚಾರ ಕೇಳಿ, ಏನೂ ಮಾತನಾಡದೆ ನಮ್ಮ ಮುಖವನ್ನು ನೋಡಿದರು. ಆ ನೋಟವೇ ಸಾಕಾಯಿತು. ಅಂದೇ ಅರ್ಜಿ ಬರೆದೆವು. ಹೊಗೆಯಿಂದ ಅನಾರೋಗ್ಯ, ಪೂಜೆಗೆ ಅನುಕೂಲವಿಲ್ಲ ಎಂದು ಎರಡು ಸಾಲು. ಮಡಿಮೈಲಿಗೆಗಳನ್ನು ಅಲ್ಲಗಳೆದ ಪರಂಪರೆಯಲ್ಲಿ ಬೆಳೆದವರಾದ್ದರಿಂದ ಮೈಲಿಗೆಯೆಂಬ ಪದವನ್ನು ಎಚ್ಚರದಿಂದ ತಪ್ಪಿಸಿದ್ದೆವು. ವಾರ್ಡನ್ನರು ಕಾಗದವನ್ನು ಓದಿ, ಎಲ್ಲವನ್ನೂ ತಿಳಿದವರಂತೆ ತಲೆದೂಗಿ, ಅರ್ಧ ಗಂಟೆಯಲ್ಲಿ ಮುಂಭಾಗದ ಕೋಣೆಯ ಬೀಗದ ಕೈ ಕೊಟ್ಟರು. ಹೊಗೆಯಷ್ಟೇ ಕಾರಣವಾಗಿದ್ದರೆ, ಅದೇ ಹೊಗೆಯಲ್ಲಿ ಉಳಿದ ಇನ್ನೊಬ್ಬನ ವಿಚಾರವನ್ನು ಅವರೂ ಕೇಳಬೇಕಿತ್ತು, ನಾವೂ ಎತ್ತಬೇಕಿತ್ತು.

ಟ್ರಂಕಿನ ಒಂದು ಹಿಡಿಯನ್ನು ಅವನೇ ಹಿಡಿದನು. ಅಂಗಳ ದಾಟಿ ಹೊಸ ಕೋಣೆಯ ಹೊಸ್ತಿಲವರೆಗೆ ಬಂದು ಅಲ್ಲೇ ಇಳಿಸಿ, “ಇಲ್ಲಿ ಬೆಳಕು ಚೆನ್ನಾಗಿದೆ, ಓದೋಕೆ ಒಳ್ಳೇದು” ಎಂದು ಹೇಳಿ ಹಿಂತಿರುಗಿದನು. ಆ ವರ್ಷವಿಡೀ ಅವನ ಕೋಣೆಯ ಇನ್ನೊಂದು ಮಂಚ ಖಾಲಿಯೇ ಇದ್ದಿತು. ಊಟಕ್ಕೆ ಹೋಗುವಾಗ ದಿನಕ್ಕೆ ಎರಡು ಸಲ ಆ ಬಾಗಿಲನ್ನು ದಾಟಬೇಕಾಗಿತ್ತು. ನಾವು ತಟ್ಟೆಯನ್ನು ನೋಡಿಕೊಂಡು ದಾಟುತ್ತಿದ್ದೆವು.

ಕೊಠಡಿ ಹಂಚಿಕೆಯಲ್ಲಿ ನಮಗೆ ಒದಗಿದ್ದು ಕೆಟ್ಟ ಪಾಲೆಂದು ಎರಡು ತಿಂಗಳು ಮರುಗಿದ್ದೆವು. ಅದೇ ಪಟ್ಟಿಯಲ್ಲಿ ಅವನ ಪಾಲಿಗೆ ಬಂದವರು ನಾವೆಂಬುದು ತಲೆಗೆ ಹೊಳೆಯಲೇ ಇಲ್ಲ.

1994ರಲ್ಲಿ ಒಮ್ಮೆ ಅದೇ ಯಶವಂತಪುರ ನಿಲ್ದಾಣದಲ್ಲಿ ಅವನು ಕಾಣಿಸಿದನು. ಗುರುತು ಹಿಡಿದವನು ಅವನೇ. ಗಣಿತದ ಅಧ್ಯಾಪಕನಾಗಿದ್ದನು, ಜೊತೆಯಲ್ಲಿ ಮಗನಿದ್ದನು. ಎರಡು ನಿಮಿಷ ಮಾತನಾಡಿರಬಹುದು. “ಪೂಜೆ ಎಲ್ಲ ನಡೆಸ್ತಿದ್ದೀರಾ?” ಎಂದು ಕೇಳಿದನು. ಅದರಲ್ಲಿ ವ್ಯಂಗ್ಯವಿತ್ತೇ ಎಂದು ಅಂದಿನಿಂದ ಇಂದಿನವರೆಗೆ ಯೋಚಿಸಿದ್ದೇವೆ; ಇರಲಿಲ್ಲವೆಂದೇ ತೋರುತ್ತದೆ. ನಡೆಸುತ್ತಿದ್ದೇವೆ ಎಂದೆವು. ಹೇಳಬೇಕಾದ ಮಾತು ಬಾಯಿಯವರೆಗೆ ಬಂದಿತ್ತು. ರೈಲು ಬಂದಿತು. ಮಗನ ಕೈ ಹಿಡಿದು ಹತ್ತಿದನು. ಅವನ ವಿಳಾಸವನ್ನೂ ಕೇಳಲಿಲ್ಲ.

ಇಷ್ಟನ್ನು ಕೇಳಿದ ಹುಡುಗಿ ನಮ್ಮನ್ನು ಸಮಾಧಾನಪಡಿಸಲಿಲ್ಲ. ಅದು ಒಳ್ಳೆಯದೇ ಆಯಿತು. “ಮಳ್ಯಾಗ ಹೊರಗ ಕುಂತಿದ್ದು ನಿಮಗ ಕಾಣ್ತಿತ್ತೇನ್ರಿ?” ಎಂದಷ್ಟೇ ಕೇಳಿದಳು. ಕಿಟಕಿಯಿಂದ ಕಾಣುತ್ತಿತ್ತು ಎಂದೆವು.

ವಾಸನೆಯನ್ನು ಸಹಿಸಲಾಗದಿರುವುದು ತಪ್ಪೆಂದು ನಾವು ಆಕೆಗೆ ಹೇಳಲಿಲ್ಲ. ತಲೆಮಾರುಗಳಿಂದ ಮೀನು ಮಾಂಸ ಕಾಣದ ಮನೆಯ ಮಗುವಿಗೆ ಹೊಟ್ಟೆ ತೊಳಸುವುದು ಸಹಜ. ಅದನ್ನು ಉಪದೇಶದಿಂದ ತಡೆಯಲಾಗದು. ಆದರೆ ವಾರ್ಡನ್ನಿಗೆ ಬರೆಯುವ ಮೊದಲು ಆ ಹುಡುಗಿಗೇ ನಿಜವಾದ ಕಾರಣವನ್ನು ಬಾಯಿಬಿಟ್ಟು ಹೇಳು, ಆಮೇಲೂ ಆಗದಿದ್ದರೆ ಅರ್ಜಿಯಲ್ಲಿಯೂ ಅದನ್ನೇ ಬರೆ, ನಾವು ತಿದ್ದಿಕೊಡುತ್ತೇವೆ ಎಂದೆವು. ಊರಿಗೆ ಫೋನು ಮಾಡಿ ತಮ್ಮನ ಮಗನಿಗೂ ಸೊಸೆಗೂ ಇದನ್ನೇ ಹೇಳಿದೆವು. ಸೊಸೆಗೆ ಸಿಟ್ಟು ಬಂದಿತು. ದೀಪಾವಳಿಯವರೆಗೆ ನಮ್ಮೊಡನೆ ಸರಿಯಾಗಿ ಮಾತನಾಡಲಿಲ್ಲ.

ಹತ್ತು ದಿನದ ಮೇಲೆ ಹುಡುಗಿ ವರದಿ ಒಪ್ಪಿಸಿದಳು. ಇಂಗ್ಲಿಷು ಹಿಂದಿಗಳನ್ನು ಕಲಸಿ ಹೇಗೋ ಹೇಳಿದಳಂತೆ. ಮಣಿಪುರದವಳು ಮೊದಲು ಮುಖ ಕೆಂಪಗೆ ಮಾಡಿಕೊಂಡು, ಆಮೇಲೆ ತನ್ನದನ್ನೂ ಹೇಳಿದಳು. ಬೆಳಿಗ್ಗೆ ಐದಕ್ಕೆ ಇವಳು ಪೂಜೆಗೆಂದು ದೀಪ ಹಾಕಿದಾಗ ಆಕೆಗೆ ಎಚ್ಚರವಾಗುತ್ತದೆ. ರಾತ್ರಿ ಬಹಳ ಹೊತ್ತು ನಿದ್ದೆ ಬರುವುದಿಲ್ಲವಾದ್ದರಿಂದ ಆ ಹೊತ್ತಿನ ನಿದ್ದೆಯೇ ಆಕೆಗೆ ಸಿಕ್ಕುವುದು. ಆ ವರ್ಷ ಮೇ 3ರಂದು ಮಣಿಪುರದಲ್ಲಿ ಹೊತ್ತಿಕೊಂಡ ಗಲಭೆ ಆಗಲೂ ಆರಿರಲಿಲ್ಲ. ತಿಂಗಳುಗಟ್ಟಲೆ ಇಂಟರ್‌ನೆಟ್ ನಿಲ್ಲಿಸಿದ್ದರಿಂದ ಅಲ್ಲಿಯ ಮಕ್ಕಳಿಗೆ ಮನೆಯವರ ಮುಖ ನೋಡಿ ಮಾತನಾಡುವುದೂ ಕಷ್ಟವಾಗಿತ್ತು. ಜೊತೆಗೆ ಇನ್ನೊಂದು ದೂರು: ಇವಳ ಗುರೆಳ್ಳು ಚಟ್ನಿಯ ವಾಸನೆಗೆ ತನಗೆ ತಲೆನೋವು ಬರುತ್ತದೆಂದಳಂತೆ! ಇದನ್ನು ಹೇಳುವಾಗ ನಮ್ಮ ಮೊಮ್ಮಗಳಿಗೆ ಆದ ಆಶ್ಚರ್ಯ ಸಣ್ಣದಲ್ಲ. ಗುರೆಳ್ಳು ಚಟ್ನಿಗೆ ವಾಸನೆಯೆಂಬುದು ಇದೆಯೆಂದು ಆಕೆ ಆವರೆಗೆ ಯೋಚಿಸಿಯೇ ಇರಲಿಲ್ಲ.

ಒಪ್ಪಂದವಾಯಿತು. ಆ ಭರಣಿಯನ್ನು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿಡುವುದು, ಹೊರಗಿನ ಪಡಸಾಲೆಯಲ್ಲಿ ಮಾತ್ರ ತೆರೆಯುವುದು. ಇವಳು ಬೆಳಿಗ್ಗೆ ದೊಡ್ಡ ದೀಪ ಹಾಕದೆ ಮೇಜಿನ ಸಣ್ಣ ದೀಪದಲ್ಲಿ ಪೂಜೆ ಮುಗಿಸುವುದು. ಹಾಸನದ ಹುಡುಗಿ ತಿಂಗಳು ತುಂಬಿದ ಕೂಡಲೇ ಅರ್ಜಿ ಕೊಟ್ಟು ಬೇರೆಡೆಗೆ ಹೋದಳು. ಆಕೆಯ ಕಾರಣವೇನೋ ಇವರಿಗೆ ತಿಳಿಯಲಿಲ್ಲ. ಆ ಮೀನಿನ ಪದಾರ್ಥಕ್ಕೆ ಅವರಲ್ಲಿ ಙಾರಿ ಎನ್ನುತ್ತಾರೆ, ಙಾ ಎಂದರೆ ಮೀನು. ನಮ್ಮ ವರ್ಣಮಾಲೆಯಲ್ಲಿ ಆ ಅಕ್ಷರವನ್ನು ಸಾವಿರಾರು ಮಕ್ಕಳಿಗೆ ತಿದ್ದಿಸಿದ್ದೇವೆ. ಅದರಿಂದ ಮೊದಲಾಗುವ ಒಂದು ಪದವನ್ನು ಹೇಳಿರೆಂದು ಮಕ್ಕಳು ಕೇಳಿದಾಗಲೆಲ್ಲ ತಡವರಿಸಿದ್ದೇವೆ. ಅರುವತ್ತು ದಾಟಿದ ಮೇಲೆ ದೊರೆತ ಪದ ಮೀನಿನದಾಯಿತು!

2024ರ ಬೇಸಗೆಯಲ್ಲಿ ಬೆಂಗಳೂರಿಗೆ ನೀರಿನ ಅಭಾವ ಬಂದದ್ದು ಓದುಗರಿಗೆ ನೆನಪಿರಬಹುದು. ಮೇಲಿನ ಅಂತಸ್ತುಗಳ ನಲ್ಲಿಗಳು ಬತ್ತಿದಾಗಲೂ ನೆಲ ಅಂತಸ್ತಿನ ಸ್ನಾನದ ಮನೆಯಲ್ಲಿ ಸಣ್ಣಗೆ ನೀರು ಬರುತ್ತಿತ್ತಂತೆ. ಮೂರನೆಯ ಅಂತಸ್ತಿನ ಊರಿನ ಅಕ್ಕ ಬಕೆಟ್ಟು ಹಿಡಿದು ಇವರ ಬಾಗಿಲಿಗೆ ಬರುತ್ತಿದ್ದಳೆಂದು ಮೊಮ್ಮಗಳು ಹೇಳಿ ನಕ್ಕಳು. ಹಾಗೆಂದು ಇವರಿಬ್ಬರೂ ಒಡಹುಟ್ಟಿದವರಂತಾದರೆಂದು ತಿಳಿಯಬೇಡಿ. ಜಗಳಗಳು ಆದುವು, ಮಾತು ಬಿಟ್ಟದ್ದೂ ಉಂಟು. ಎರಡನೆಯ ವರ್ಷ ಆಯ್ಕೆಯ ಅವಕಾಶ ದೊರೆತಾಗ ಇಬ್ಬರೂ ಬೇರೆ ಬೇರೆ ಕೊಠಡಿಗಳನ್ನು ಕೇಳಿ ಪಡೆದರು. ಇವಳದು ಈಗ ಪೂರ್ವಕ್ಕೆ ಕಿಟಕಿಯಿರುವ ಕೊಠಡಿ.

ಆ ಮೊದಲ ವರ್ಷದ ಸಂಕ್ರಾಂತಿಗೆ ಮೊಮ್ಮಗಳು ಆ ಹುಡುಗಿಯನ್ನೂ ನಮ್ಮ ಮನೆಗೆ ಕರೆತಂದಿದ್ದಳು. ಹಿಂದಿನ ಸಂಜೆಯೇ ಬಂದರು. ನಮ್ಮ ಮನೆಯವರು ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆಗಳನ್ನು ಮಾಡಿದ್ದರು. ಗುರೆಳ್ಳು ಚಟ್ನಿಯನ್ನು ಮಾತ್ರ ಹೊರಗೆ ತೆಗೆಯಲಿಲ್ಲ.

ಹಬ್ಬದ ಬೆಳಿಗ್ಗೆ ನಾವು ನಡುಮನೆಯಲ್ಲಿ ಪೂಜೆಗೆ ಕುಳಿತೆವು. ಆ ಹುಡುಗಿ ಮೂಲೆಯ ಕುರ್ಚಿಯಲ್ಲಿ ಕಾಲು ಮಡಚಿ ಕುಳಿತು ಏನನ್ನೋ ಓದುತ್ತಿದ್ದಳು. ನಾವು ವಿಭೂತಿಯ ಗಟ್ಟಿಯನ್ನು ಕೈಗೆತ್ತಿಕೊಂಡುದನ್ನು ನೋಡಿದವಳೇ, ಪುಸ್ತಕವನ್ನು ಎದೆಗವಚಿಕೊಂಡು ಸದ್ದಾಗದಂತೆ ಎದ್ದು ಹೊರಬಾಗಿಲ ಕಡೆಗೆ ಹೊರಟಳು. ಯಾರೂ ಆಕೆಗೆ ಹಾಗೆ ಹೇಳಿರಲಿಲ್ಲ. ಹೊರಗೆ ಜನವರಿಯ ಚಳಿ, ಮೆಟ್ಟಿಲು ಇಬ್ಬನಿಗೆ ಒದ್ದೆಯಾಗಿತ್ತು.

“ಕೂತ್ಕೋ ಅಮ್ಮಾ” ಎಂದೆವು. ಆಕೆಗೆ ಕನ್ನಡ ತಿಳಿಯಲಿಲ್ಲ. ನಮ್ಮ ಧ್ವನಿ ಸ್ವಲ್ಪ ಗಟ್ಟಿಯಾಗಿಯೇ ಬಂದಿರಬೇಕು, ತಪ್ಪು ಮಾಡಿದವಳಂತೆ ಬಾಗಿಲಲ್ಲೇ ನಿಂತಳು. ಅಡಿಗೆಮನೆಯಿಂದ ನಮ್ಮ ಮನೆಯವರು ಬಂದು, ಆಕೆಯ ಭುಜ ಹಿಡಿದು ಕರೆತಂದು ಅದೇ ಕುರ್ಚಿಯಲ್ಲಿ ಕೂರಿಸಿದರು. ಸ್ವಲ್ಪ ಹೊತ್ತಿನ ಮೇಲೆ ಪುಟ ತಿರುವುವ ಸದ್ದು ಕೇಳಿಸಿತು. ಅಂದು ನಮ್ಮ ಪೂಜೆ ಮುಗಿಯಲು ಎಂದಿಗಿಂತ ಬಹಳ ಹೊತ್ತು ಹಿಡಿಯಿತು.